ಎರಡು ಬೆಕ್ಕೋ, ಮೂರು ಬೆಕ್ಕೋ

ಮಾರ್ಚ್ 7, 2016, ಸೋಮವಾರ

ಈ ನೋಟ್‌ಬುಕ್ಕು ನೊಯೆಮಿ ಕೊಟ್ಟಿದ್ದು. ಕೈಗೆ ವ್ಯಾಯಾಮ ಮಾಡಿಸೋ ಹುಡುಗಿ. ದಿನಾ ನಾಲ್ಕು ಸಾಲು, ಬಲಗೈಯಲ್ಲೇ ಬರೀಬೇಕಂತೆ. ಏನು ಬರೀಲಿ ಅಂದೆ. ಏನಾದ್ರೂ ಅಂದಳು. ಬರೆದೆ. ಕೋಳಿ ಕೆದರಿದ ಹಾಗಿದೆ. ಸಾಕು.

ಮಾರ್ಚ್ 8, ಮಂಗಳವಾರ

ಮಳೆ. ಕೈ ಹಾಗೇ ಇದೆ.

ಮಾರ್ಚ್ 11, ಶುಕ್ರವಾರ

ನೊಯೆಮಿ ಪುಸ್ತಕ ತೆರೆದು ನೋಡಿ ಬೈದಳು. ಮಳೆ ಅಂತ ಬರೆದರೆ ಒಂದು ದಿನದ ಲೆಕ್ಕಕ್ಕೆ ಸಾಲದಂತೆ. ಅವಳು ದಕ್ಷಿಣದವಳು. ಅವಳ ಊರಲ್ಲಿ ಮಳೆ ಬಂದರೆ ಪೇಪರಿನಲ್ಲಿ ಹಾಕ್ತಾರೆ.

ಸರಿ, ಬರೀತೀನಿ. ಹೆಸರು ಅನ್ಸೆಲ್ಮ್ ತುತೇನ್. ವಯಸ್ಸು ಅರವತ್ತಾರು. ದೋಣಿಗೆ ಹಾಯಿ ಹೊಲಿಯೋದು ಕೆಲಸ. ನಲವತ್ತೊಂದು ವರ್ಷದಿಂದ, ವಿಗೋರ್ವಿಲ್ ಬಂದರಿನ ಇದೇ ಶೆಡ್ಡಿನಲ್ಲಿ. ಜನವರಿಯಲ್ಲಿ ತಲೆಯೊಳಗೆ ರಕ್ತ ಎಲ್ಲೋ ಕಟ್ಟಿಕೊಂಡಿತಂತೆ. ಬಾಯಿ ನೆಟ್ಟಗಾಯ್ತು, ಕಾಲು ಬಂತು, ಬಲಗೈ ಮಾತ್ರ ಬೇರೆ ಯಾರದೋ ಕೈ ಹಾಗೆ ತೂಗಾಡ್ತಿದೆ. ಹೊಲಿಯೋ ಕೈಯೇ ಹೋದಮೇಲೆ ಶೆಡ್ಡು ಇಟ್ಟುಕೊಂಡು ಏನು ಮಾಡಲಿ. ಪ್ಯಾರಿಸ್ಸಿನವನೊಬ್ಬ ಕೊಂಡುಕೊಳ್ತೀನಿ ಅಂತ ಕೇಳ್ತಿದ್ದಾನೆ, ರಜೆಗೆ ಬರೋರಿಗೆ ಬಾಡಿಗೆಗೆ ಕೊಡ್ತಾನಂತೆ. ಲಿಯೋಂನಲ್ಲಿರೋ ತಂಗಿ ಮಗಳು ಐನೆಸ್ ಬಂದ್ಬಿಡಿ ಮಾವ, ಒಂದು ಕೋಣೆ ಖಾಲಿ ಇದೆ ಅಂತಾಳೆ. ಕೈ ಬಂದರೆ ಇಲ್ಲಿ, ಬರದಿದ್ದರೆ ಲಿಯೋಂ. ವಿಷಯ ಇಷ್ಟೇ. ಇಷ್ಟು ಬರೆಯೋಕೆ ಒಂದು ಗಂಟೆ ಹಿಡೀತು.

ಮಾರ್ಚ್ 19, ಶನಿವಾರ

ಪಕ್ಕದ ಮನೆ ಮದಾಮ್ ವೊಕ್ಲೇನ್ ಸೂಪು ತಂದುಕೊಟ್ಟರು. ಕೇಳಿರಲಿಲ್ಲ. ಹೋದ ವರ್ಷದವರೆಗೂ ದಾರ, ಗುಂಡಿ, ರಿಬ್ಬನ್ನಿನ ಅಂಗಡಿ ಇಟ್ಟಿದ್ದರು, ಈಗ ಮುಚ್ಚಿದ್ದಾರೆ, ಅದಕ್ಕೇ ಪುರುಸೊತ್ತು ಜಾಸ್ತಿ. ಗಂಡ ತೀರಿಕೊಂಡು ಎಂಟು ವರ್ಷ. ಹುಟ್ಟಿದ್ದು ರುವಾಂ ಹತ್ತಿರ, ಅಂದರೆ ಮೇಲಿನ ನಾರ್ಮಂಡಿ, ನಮ್ಮದು ಕೆಳಗಿನದು. ಇಲ್ಲಿಗೆ ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಅವರು ಇನ್ನೂ ಮೇಲಿನವರೇ. ಮಾತು ಮುಗಿಯೋದೇ ಇಲ್ಲ. ಸೂಪಿಗೆ ಉಪ್ಪು ಕಮ್ಮಿ. ಪಾತ್ರೆ ತೊಳೆದಿಟ್ಟಿದ್ದೇನೆ, ನಾಳೆ ಬಂದು ತಗೊಂಡು ಹೋಗಲಿ.

ಏಪ್ರಿಲ್ 4, ಸೋಮವಾರ

ಮೇಯರ್ ಓಸ್ಮೋಂ ಬಂದಿದ್ದ. ಸಮುದ್ರದ ಚಿಪ್ಪಿನ ಸಿಂಪಿ ಮಾರೋನು. ಕಾಲಿಗೆ ಬೂಟು, ಮೈಯೆಲ್ಲಾ ಸಮುದ್ರದ ವಾಸನೆ. ಬಾಗಿಲಲ್ಲೇ ನಿಂತು ಕಾಲು ಗಂಟೆ ಗಾಳಿಯ ವಿಷಯ ಮಾತಾಡಿದ. ಆಗಲೇ ಗೊತ್ತಾಯ್ತು ಇವನಿಗೇನೋ ಬೇಕಾಗಿದೆ ಅಂತ.

ಈ ವರ್ಷದ ಮೊದಲ ದಿನದಿಂದ ಮೇಲಿನ ನಾರ್ಮಂಡಿ, ಕೆಳಗಿನ ನಾರ್ಮಂಡಿ ಎರಡೂ ಸೇರಿ ಒಂದೇ ಪ್ರಾಂತ್ಯ ಆಗಿದೆ. ಆ ಸಂತೋಷಕ್ಕೆ ಜೂನ್ ಹದಿನೆಂಟಕ್ಕೆ ಊರ ಕಚೇರಿ ಮುಂದೆ ಪ್ರಾಂತ್ಯದ ಬಾವುಟ ಏರಿಸಬೇಕು, ಪ್ರಾಂತ್ಯದ ಪರಿಷತ್ತಿನಿಂದ ಒಬ್ಬ ಸದಸ್ಯೆ ಬರ್ತಾರೆ. ಇಷ್ಟಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರೋದು ಬೆಕ್ಕಿನದು. ಕೆಂಪು ಬಟ್ಟೆ ಮೇಲೆ ಹೊನ್ನಿನ ಬಣ್ಣದ ಪ್ರಾಣಿ. ಪುಸ್ತಕದವರು ಅದನ್ನ ಚಿರತೆ ಅಂತಾರೆ, ನೋಡೋಕೆ ಸಿಂಹ, ನಮ್ಮ ಬಾಯಲ್ಲಿ ಬೆಕ್ಕು. ಅದು ಎರಡೋ ಮೂರೋ? ಊರಿನ ಮಂಡಳಿಯಲ್ಲಿ ಹದಿನೈದು ಜನ. ಏಳು ಜನ ಎರಡು ಅಂದರು, ಏಳು ಜನ ಮೂರು ಅಂದರು. ಹದಿನೈದನೆಯವನು ಓಸ್ಮೋಂ.

ನೀನೇನಂದೆ ಅಂತ ಕೇಳಿದೆ. ಎರಡೂ ಇರಬಹುದು, ಮೂರೂ ಇರಬಹುದು ಅಂದನಂತೆ. ಅಡ್ಡಗೋಡೆ ಮೇಲೆ ದೀಪ ಇಡೋದರಲ್ಲಿ ನಮ್ಮ ನಾರ್ಮಂಡಿಯವರನ್ನ ಬಿಟ್ಟರಿಲ್ಲ, ಅದರಲ್ಲೂ ಇವನು ದೀಪದ ಅಂಗಡಿಯನ್ನೇ ಇಟ್ಟಿದ್ದಾನೆ.

"ನೀನು ಹೊಲಿ, ಅನ್ಸೆಲ್ಮ್," ಅಂದ. "ನೀನು ಎಷ್ಟು ಹೊಲೀತೀಯೋ ಅಷ್ಟು. ಕಾಯಿಲೆ ಮನುಷ್ಯನ ಹತ್ರ ಯಾರೂ ಜಗಳ ತೆಗೆಯಲ್ಲ."

ಹಾವೂ ಸಾಯಬಾರದು, ಕೋಲೂ ಮುರೀಬಾರದು. ಈ ಕೈ ನೋಡೋ ಮಾರಾಯ ಅಂತ ಎತ್ತಿ ತೋರಿಸಿದೆ. ಅದಕ್ಕೇ ಈಗಲೇ ಹೇಳ್ತಿದ್ದೀನಿ, ಎರಡೂವರೆ ತಿಂಗಳಿದೆ ಅಂದ. ನೋಡೋಣ ಅಂದೆ. ನನ್ನ ಲೆಕ್ಕದಲ್ಲಿ ನೋಡೋಣ ಅಂದರೆ ಇಲ್ಲ ಅಂತ. ಅವನು ಥ್ಯಾಂಕ್ಸ್ ಹೇಳಿ ಹೋದ.

ಏಪ್ರಿಲ್ 5, ಮಂಗಳವಾರ

ಇಲ್ಲ ಅಂತ ನೇರವಾಗಿ ಹೇಳಬೇಕಿತ್ತು. ಕೆಂಪು ಬಟ್ಟೆ ಕಳಿಸಿಬಿಟ್ಟಿದ್ದಾನೆ.

ಏಪ್ರಿಲ್ 12, ಮಂಗಳವಾರ

ದಬ್ಬಣಕ್ಕೆ ನೂಲು ಪೋಣಿಸೋಕೆ ಹೋದೆ. ದಬ್ಬಣದ ಕಣ್ಣು ಅಂದರೆ ಅದರೊಳಗೆ ಕುದುರೆಗಾಡಿ ಹೋಗುತ್ತೆ. ಇಪ್ಪತ್ತು ಸಲ ಪ್ರಯತ್ನಪಟ್ಟೆ. ಆಮೇಲೆ ನೂಲು ಸರಿಯಿಲ್ಲ ಅಂತ ಬಿಸಾಕಿದೆ. ಅಷ್ಟರಲ್ಲಿ ಬಾಗಿಲಲ್ಲಿ ಮದಾಮ್ ವೊಕ್ಲೇನ್.

"ಕುಣಿಯೋಕೆ ಬಾರದೋರಿಗೆ ನೆಲ ಡೊಂಕಂತೆ," ಅಂದರು. ನೂಲೆತ್ತಿ, ತುದೀನ ನಾಲಿಗೆಗೆ ತಾಗಿಸಿ, ಒಂದೇ ಸಲಕ್ಕೆ ಪೋಣಿಸಿ ಕೊಟ್ಟರು. ಕೋಪ ಬಂತು. ಬೇರೆಯವರ ಕೈ ಇಷ್ಟು ಸಲೀಸಾಗಿ ಓಡೋದನ್ನ ನೋಡೋಕೆ ಆಗಲ್ಲ ನನಗೆ, ಹೊಟ್ಟೆಕಿಚ್ಚಾಗುತ್ತೆ. ಬರೆದುಬಿಟ್ಟೆ, ಆಗಲಿ, ಯಾರು ಓದ್ತಾರೆ.

ಎಷ್ಟು ಬೆಕ್ಕು ಅಂತ ಕೇಳಿದರು. ಎರಡು ಅಂದೆ. ಸೊಂಟದ ಮೇಲೆ ಕೈ ಇಟ್ಟರು. ಅವರ ಅಪ್ಪ ಮನೆ ಮುಂದೆ ಮೂರು ಬೆಕ್ಕಿನ ಬಾವುಟ ಹಾರಿಸ್ತಿದ್ದರಂತೆ, ಮೂರೇ ಸರಿಯಂತೆ. ನಮ್ಮನ್ನಾಳಿದ ಹಳೇ ಡ್ಯೂಕರದು ಎರಡೇ ಮದಾಮ್, ಮೂರನೇದು ಇಂಗ್ಲಿಷರದು ಅಂದೆ.

"ಇಂಗ್ಲಿಷರ ದೇಶ ಗೆದ್ದೋರು ಯಾರು ಮಿಸ್ಯೂ ತುತೇನ್? ನಮ್ಮ ಡ್ಯೂಕ ತಾನೇ? ನಮ್ಮ ಬೆಕ್ಕನ್ನ ಅವರ ಮನೇಲಿ ಬಿಟ್ಟು ಬರೋಕೆ ನೀವೇನು ದಾನಕ್ಕೆ ಕೂತಿದ್ದೀರಾ?"

ಇದಕ್ಕೆ ಉತ್ತರ ಇದೆ. ಹುಡುಕಿ ಬರೀತೀನಿ.

ಏಪ್ರಿಲ್ 28, ಗುರುವಾರ

ಬೆಕ್ಕಿನ ನಮೂನೆ ಬರೆದೆ. ದೊಡ್ಡ ಕಂದು ಕಾಗದ ನೆಲದ ಮೇಲೆ ಹಾಸಿ, ಮಂಡಿಯೂರಿ, ಇದ್ದಿಲಲ್ಲಿ. ಪೆನ್ನಿಗಿಂತ ಇದ್ದಿಲು ವಾಸಿ, ದಪ್ಪ ಇದೆ. ಮುಖ ನಮ್ಮ ಕಡೆ ತಿರುಗಿರಬೇಕು, ಮುಂಗಾಲು ಎತ್ತಿರಬೇಕು, ಬಾಲ ಬೆನ್ನ ಮೇಲೆ ಬಾಗಿರಬೇಕು, ನಾಲಿಗೆ, ಉಗುರು ನೀಲಿ. ಮೊದಲ ಮುಖ ಓಸ್ಮೋಂ ಹಾಗೇ ಬಂತು. ಮದಾಮ್ ವೊಕ್ಲೇನ್ ನಕ್ಕೂ ನಕ್ಕೂ ಕುರ್ಚಿ ಹಿಡಕೊಂಡರು. ಅಳಿಸಬೇಡಿ, ಬಾವುಟದಲ್ಲಿ ಇದೇ ಇರಲಿ, ಎತ್ತ ಗಾಳಿಯೋ ಅತ್ತ ತಿರುಗುತ್ತೆ ಅಂದರು. ಬಾಯಿ ಜೋರು, ಆದರೆ ಮಾತು ಸುಳ್ಳಲ್ಲ.

ಅವರು ತಮ್ಮ ಕುರ್ಚಿಯನ್ನೇ ಮನೆಯಿಂದ ತಂದುಕೊಂಡಿದ್ದಾರೆ. ನನ್ನ ಶೆಡ್ಡಿನದಕ್ಕೆ ಕಾಲು ಅಲ್ಲಾಡುತ್ತಂತೆ. ಸದ್ಯ ನೂಲು ಪೋಣಿಸೋಕೆ ಒಬ್ಬರು ಬೇಕು, ಅದಕ್ಕೇ ಇರಲಿ ಅಂದೆ. ಕೈ ಹಾಗೇ ಇದೆ.

ಮೇ 11, ಬುಧವಾರ

ನೋಟರಿ ಲೆಕಾನ್ಯು ಶೆಡ್ಡು ಮಾರೋ ಕಾಗದ ಸಿದ್ಧ ಮಾಡಿದ್ದಾನೆ. ಜೂನ್ 16, ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಪ್ಯಾರಿಸ್ಸಿನವನು ಬರ್ತಾನೆ, ನಾನು ಸಹಿ ಹಾಕಬೇಕು, ಮುಗೀತು. ಐನೆಸ್ ಫೋನಿನಲ್ಲಿ ಕೋಣೆಗೆ ಯಾವ ಬಣ್ಣ ಹೊಡೆಸಲಿ ಅಂತ ಕೇಳಿದಳು. ಬಂಗಾರದಂಥ ಹುಡುಗಿ. ಕಿಟಕಿಯಿಂದ ಏನು ಕಾಣುತ್ತೆ ಅಂದೆ. ಪಾರ್ಕಿಂಗ್ ಅಂದಳು. ಬಿಳಿ ಇರಲಿ ಅಂದೆ.

ದಿನಾಂಕದ ವಿಷಯ ಸಿದೋನಿಯವರಿಗೆ ಹೇಳಿದೆ. ಮದಾಮ್ ವೊಕ್ಲೇನ್ ಅಂತ ಉದ್ದಕ್ಕೆ ಬರೆಯೋಕೆ ಕೈ ನೋಯುತ್ತೆ, ಅದಕ್ಕೇ ಹೆಸರೇ ಬರೀತೀನಿ. ಅವರು ದಬ್ಬಣ ಎತ್ತಿಕೊಂಡರು. ಒಂದು ಗಂಟೆ ಬಾಯಿ ಮುಚ್ಚಿಕೊಂಡು ಹೊಲಿದರು. ಮೊದಲ ಸಲ ಶೆಡ್ಡಿನಲ್ಲಿ ಅಲೆ ಸದ್ದು ಕೇಳಿಸಿತು, ಯಾಕೋ ಚೆನ್ನಾಗಿರಲಿಲ್ಲ.

ಮೇ 24, ಮಂಗಳವಾರ

ಈವತ್ತು ಕೆಲಸ ಭರ್ಜರಿ ಆಯ್ತು. ಊರ ಕಚೇರಿಯ ಕಂಬ ಎತ್ತರ, ಗಾಳಿ ಕೆಟ್ಟದ್ದು, ಒಂದೇ ಪದರದ ಬಟ್ಟೆ ಎರಡು ವಾರದಲ್ಲಿ ಚಿಂದಿಯಾಗುತ್ತೆ. ಅದಕ್ಕೇ ಎರಡು ಪದರ. ಈ ಮುಖಕ್ಕೆ ಎರಡು ಬೆಕ್ಕು, ಆ ಮುಖಕ್ಕೆ ಎರಡು ಬೆಕ್ಕು, ಆಮೇಲೆ ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ಅಂಚು ಹೊಲಿಯೋದು. ಹಳದಿ ಬಟ್ಟೆಯಿಂದ ನಾಲ್ಕೂ ಬೆಕ್ಕು ಕತ್ತರಿಸಿಟ್ಟೆ. ಕತ್ತರಿ ಹಿಡಿದಿದ್ದು ನಾನೇ. ಸಿದೋನಿ ಬಟ್ಟೆ ಬಿಗಿಯಾಗಿ ಹಿಡಿದಿದ್ದಳು, ಅಷ್ಟೇ.

ಮಧ್ಯಾಹ್ನ ತ್ಯೂರ್ಗೂಲ್ ತಂದಿದ್ದಳು. ಅಕ್ಕಿ, ಹಾಲು, ಸಕ್ಕರೆ, ದಾಲ್ಚಿನ್ನಿ, ಐದು ಗಂಟೆ ಒಲೆಯಲ್ಲಿ. ಮೇಲಿನ ಕಂದು ಕೆನೆ ಯಾರಿಗೆ ಅಂತ ನಮ್ಮ ಮನೇಲಿ ಚಿಕ್ಕವರಿದ್ದಾಗ ಹೊಡೆದಾಟ ಆಗ್ತಿತ್ತು. ಅವಳು ಕೆನೆಯನ್ನೆಲ್ಲ ಎತ್ತಿ ನನ್ನ ತಟ್ಟೆಗೇ ಹಾಕಿದಳು. ನಿನಗೆ ಬೇಡವಾ ಅಂದೆ. ತಿನ್ನು ಸುಮ್ಮನೆ, ನಿನ್ನ ಕಣ್ಣು ಆಗಲೇ ಅದರ ಮೇಲೆ ಬಿದ್ದಿದೆ ಅಂದಳು.

ತಿಂತಾ ತಿಂತಾ ಯಾಕೆ ಮದುವೆ ಆಗಲಿಲ್ಲ ಅಂತ ಕೇಳಿದಳು. ಎಪ್ಪತ್ನಾಲ್ಕರಲ್ಲಿ ಒಬ್ಬಳು ತಾನೇ ಬಂದು ಕೇಳಿದ್ದಳು, ನೋಡೋಣ ಅಂದಿದ್ದೆ, ಅವಳು ಮೂರು ವಾರ ನೋಡಿ ಬೇಕರಿಯವನನ್ನ ಮಾಡಿಕೊಂಡಳು ಅಂದೆ. ಸಿದೋನಿ ನಗಲಿಲ್ಲ. ನಿನ್ನ ನೋಡೋಣಕ್ಕೆ ಬೆಂಕಿ ಹಾಕ ಅಂದಳು.

ನೊಯೆಮಿ ಸಂಜೆ ಬಂದು ಕೈ ಹಿಡಿದು ಒತ್ತಿ ಅಂದಳು. ಒತ್ತಿದೆ. ಅಯ್ಯೋ ಬಿಡಿ ಬಿಡಿ ಅಂದಳು. ಈ ಕಾಲದ ಹುಡುಗಿಯರು ಬಲು ನಾಜೂಕು.

ಜೂನ್ 3, ಶುಕ್ರವಾರ

ಕೆಲಸ ಸಾಗಲಿಲ್ಲ. ನೂಲು ಗಂಟಾಗುತ್ತೆ. ಬೆಳಕು ಸರಿಯಿಲ್ಲ. ಕಾಫಿ ಕಹಿ. ಗಾಳಿ ಪೂರ್ವದಿಂದ ಬೀಸ್ತಿದೆ, ಈ ಗಾಳಿಗೆ ಯಾರಿಗೂ ಮನಸ್ಸು ನೆಟ್ಟಗಿರಲ್ಲ. ಸಿದೋನಿ ಮೂರು ದಿನದಿಂದ ರುವಾಂನಲ್ಲಿರೋ ಅಣ್ಣನ ಮನೆಗೆ ಹೋಗಿದ್ದಾಳೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಭಾನುವಾರ ಐದೂವರೆ ಬಸ್ಸಿಗೆ ಬರ್ತಾಳೆ. ನಾಲ್ಕೂ ಮುಕ್ಕಾಲಿಗೆ ಹೊರಡಬೇಕು, ಬಸ್ಸು ಒಂದೊಂದ್ಸಲ ಬೇಗ ಬರುತ್ತೆ.

ಜೂನ್ 5, ಭಾನುವಾರ

ಬಸ್ಸು ಬೇಗ ಬರಲಿಲ್ಲ. ಗಾಳಿ ತಿರುಗಿದೆ.

ಜೂನ್ 13, ಸೋಮವಾರ

ಮಾಡಿದ್ದುಣ್ಣೋ ಮಹರಾಯ. ಇದನ್ನ ಬರೆಯೋಕೂ ನಾಚಿಕೆ.

ಬಾವುಟ ಮುಗಿದಿತ್ತು. ಅಂಚು ಹೊಲಿದಿತ್ತು, ಕಂಬದ ಕಡೆಗೆ ಹಗ್ಗ ಕೂರಿಸಿದ್ದಾಗಿತ್ತು. ಅಡ್ಡ ತೊಲೆಗೆ ತೂಗುಹಾಕಿ ನಾನು ಈ ಕಡೆ, ಸಿದೋನಿ ಆ ಕಡೆ ನಿಂತು ನೋಡ್ತಿದ್ದೆವು. ನೊಯೆಮಿ ಬಂದಳು. ಸುತ್ತ ಒಂದು ಸಲ ತಿರುಗಿ ಬಂದು ಕೇಳಿದಳು, "ಈ ಕಡೆ ಬೆಕ್ಕು ಕಂಬದ ಕಡೆ ಹೋಗ್ತಿದೆ, ಆ ಕಡೆ ಕಂಬ ಬಿಟ್ಟು ಓಡ್ತಿದೆ. ಹಾಗೇ ಇರಬೇಕಾ?"

ಹಾಗಿರಬಾರದು. ಬಾವುಟದ ಮೇಲೆ ಪ್ರಾಣಿ ಯಾವ ಮುಖದಿಂದ ನೋಡಿದರೂ ಕಂಬದ ಕಡೆಗೇ ನಡೀಬೇಕು. ಕಂಬ ಹಿಡಿದೋನು ಮುಂದೆ ಹೋಗ್ತಾನೆ, ಪ್ರಾಣಿ ಅವನ ಜೊತೆ ಶತ್ರು ಕಡೆಗೆ ಹೋಗುತ್ತೆ. ಕಂಬ ಬಿಟ್ಟು ತಿರುಗಿದರೆ ಓಡಿಹೋಗೋ ಹೇಡಿ. ಅಂದರೆ ಆ ಮುಖದ ಬೆಕ್ಕನ್ನ ನಮೂನೆ ಮಗುಚಿ ಹಾಕಿ ಕತ್ತರಿಸಬೇಕಿತ್ತು. ನಾನು ನಾಲ್ಕನ್ನೂ ಒಂದೇ ಮಗ್ಗುಲಲ್ಲಿ ಕತ್ತರಿಸಿದ್ದೇನೆ. ಯಾಕೆ ಅಂತ ಗೊತ್ತು. ಹಾಯಿಗೆ ದೋಣಿಯ ನಂಬರು ಎರಡೂ ಕಡೆ ಹೊಲೀತೀವಿ, ನಂಬರು ಎರಡೂ ಕಡೆಯಿಂದ ನೆಟ್ಟಗೆ ಓದೋಕೆ ಬರಬೇಕು, ಅದನ್ನ ಯಾವತ್ತೂ ಮಗುಚಲ್ಲ. ನಲವತ್ತೊಂದು ವರ್ಷದ ಅಭ್ಯಾಸ. ಕೈ ತನ್ನ ಪಾಡಿಗೆ ತಾನು ಮಾಡಿಬಿಡ್ತು, ತಲೆ ಪಕ್ಕದಲ್ಲಿ ಕೂತವಳ ಜೊತೆ ಹರಟೆ ಹೊಡೀತಿತ್ತು.

ಮೋಂಕ್ರೆಯವರಿಗೆ ಗೊತ್ತಾದರೆ ಮುಗೀತು. ಪಕ್ಕದ ಊರು, ನಮ್ಮ ತಪ್ಪಿಗೇ ಕಾದಿರೋ ಜನ. ವಿಗೋರ್ವಿಲ್ ಬೆಕ್ಕು ಹಾಲಿನ ಬಟ್ಟಲು ಹುಡುಕಿಕೊಂಡು ಓಡಿಹೋಯ್ತು ಅಂತ ಮೊಮ್ಮಕ್ಕಳ ಕಾಲದವರೆಗೂ ಹೇಳ್ತಾರೆ. ನನ್ನ ಕೊನೇ ಕೆಲಸ ಇದು. ತುತೇನ್ ಅಂದರೆ ಹೇಡಿ ಬೆಕ್ಕಿನವನು ಅಂತ ಆಗುತ್ತೆ.

ಓಸ್ಮೋಂಗೆ ಹೇಳಿಬಿಡ್ತೀನಿ, ಅಂಗಡಿಯ ಬಾವುಟ ತರಿಸಲಿ ಅಂದೆ. ಸಿದೋನಿ ಕತ್ತರಿ ತಂದು ನನ್ನ ಬಲಗೈಗೆ ಇಟ್ಟಳು. "ಐದು ದಿನ ಇದೆ. ಬಿಚ್ಚು."

ಜೂನ್ 14, ಮಂಗಳವಾರ

ಆ ಮುಖದ ಎರಡೂ ಬೆಕ್ಕು ಬಿಚ್ಚಿದೆ. ಬಟ್ಟೆಯಲ್ಲಿ ದಬ್ಬಣದ ತೂತು, ಬೆಕ್ಕಿನ ಅಂಚೆಲ್ಲ ಎಳೆ ಎಳೆ. ಮತ್ತೆ ಹೊಲಿಯೋ ಸ್ಥಿತಿಯಲ್ಲಿಲ್ಲ. ಹೊಸದು ಕತ್ತರಿಸಬೇಕು, ಹಳದಿ ಬಟ್ಟೆ ಇಲ್ಲ. ಆ ಹಳದಿ ಇನ್ನು ತರಿಸೋಕೆ ವಾರ ಹಿಡಿಯುತ್ತೆ. ಸಿದೋನಿ ಮನೆಗೆ ಹೋಗಿ ಅಂಗಡಿಯ ಹಳೇ ಸಾಮಾನು ಹುಡುಕಿ ಮೂರು ತುಂಡು ತಂದಳು. ಬಣ್ಣ ಒಂದೇ, ಆದರೆ ತುಂಡು ಚಿಕ್ಕದು. ನನ್ನ ನಮೂನೆಯ ಬೆಕ್ಕು ಒಂದೂ ಅದರಲ್ಲಿ ಕೂರಲ್ಲ. ಚಿಕ್ಕ ಬೆಕ್ಕೇ ಆಗಬೇಕು.

ಎರಡು ಚಿಕ್ಕ ಬೆಕ್ಕು ಕಾಗದದಲ್ಲಿ ಕತ್ತರಿಸಿ ಕೆಂಪು ಬಟ್ಟೆ ಮೇಲಿಟ್ಟು ನೋಡಿದೆವು. ಖಾಲಿ ಮೈದಾನದಲ್ಲಿ ಎರಡು ಇಲಿ ದಾರಿ ತಪ್ಪಿದ ಹಾಗಿತ್ತು. ಸಿದೋನಿ ಮೂರನೇದನ್ನ ಕತ್ತರಿಸಿ ತಂದು ಕೆಳಗೆ ಇಟ್ಟಳು. ತುಂಬಿಕೊಂಡಿತು. ಅಂದವಾಗಿಯೂ ಇತ್ತು, ಏನು ಮಾಡೋದು.

"ಇದು ನಿನ್ನ ಕಡೆಯವರ ಪಿತೂರಿ," ಅಂದೆ.

"ಬಟ್ಟೆ ಹೇಳ್ತಿದೆ, ನಾನಲ್ಲ," ಅಂದಳು.

ಒಂದು ಬಾವುಟಕ್ಕೆ ಈ ಮುಖದಲ್ಲಿ ಎರಡು, ಆ ಮುಖದಲ್ಲಿ ಮೂರು. ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲ. ಹೇಡಿ ಅನ್ನಿಸಿಕೊಳ್ಳೋದಕ್ಕಿಂತ ಹುಚ್ಚ ಅನ್ನಿಸಿಕೊಳ್ಳೋದು ವಾಸಿ. ನಿನ್ನ ಮುಖ, ನೀನೇ ನೋಡಿಕೋ ಅಂದೆ. ಅವಳು ಮೂರು, ನಾನು ಅಂಚು. ಬೆಳಗ್ಗೆ ಏಳಕ್ಕೆ ಕೂತರೆ ಊಟದ ಹೊತ್ತಿಗೆ ಬೆನ್ನು ನೆಟ್ಟಗಾಗಲ್ಲ.

ಜೂನ್ 17, ಶುಕ್ರವಾರ

ಮಧ್ಯಾಹ್ನ ಮೂರಕ್ಕೆ ಮುಗೀತು. ಮೂರು ಬೆಕ್ಕೂ ಕಂಬದ ಕಡೆಗೇ ನಡೀತಿವೆ. ಎಳೆದು ನೋಡಿದೆ, ಒದ್ದೆ ಮಾಡಿ ಝಾಡಿಸಿ ನೋಡಿದೆ, ಒಂದು ಹೊಲಿಗೆಯೂ ಜಗ್ಗಲಿಲ್ಲ.

ಕೊನೇ ಅಂಚಿಗೆ ಕೆಂಪು ನೂಲು ಸಾಲದೆ ಸಿದೋನಿ ಮನೆಗೆ ನಾನೇ ಹೋಗಿದ್ದೆ. ಅವಳು ಬೀರುವಿನ ಎಡಬಾಗಿಲಲ್ಲಿದೆ ಅಂದಿದ್ದಳು. ನಾನು ಬಲಬಾಗಿಲು ತೆಗೆದೆ. ಒಳಗೆ ಒಂದು ದೊಡ್ಡ ಸುರುಳಿ ಹಳದಿ ಬಟ್ಟೆ ಇತ್ತು, ಅದೇ ಬಣ್ಣ, ನನ್ನ ಅಳತೆಯ ಹತ್ತು ಬೆಕ್ಕಾದರೂ ಆಗ್ತಿತ್ತು. ಸ್ವಲ್ಪ ಹೊತ್ತು ನಿಂತು ನೋಡಿದೆ. ಬಾಗಿಲು ಮೆಲ್ಲಗೆ ಮುಚ್ಚಿ, ಎಡಬಾಗಿಲಿನಿಂದ ನೂಲು ತಗೊಂಡು ಬಂದೆ. ಸಿಕ್ತಾ ಅಂದಳು. ಸಿಕ್ತು ಅಂದೆ.

ಸಂಜೆ ಲೆಕಾನ್ಯು ಫೋನು. ನಿನ್ನೆ ಹತ್ತು ಗಂಟೆಗೆ ಯಾಕೆ ಬರಲಿಲ್ಲ, ಪ್ಯಾರಿಸ್ಸಿನವನು ಹನ್ನೆರಡರವರೆಗೆ ಕಾದು ಹೋದ ಅಂದ. ನಿನ್ನೆ ಗುರುವಾರ ಅನ್ನೋದೇ ನನಗೆ ಗೊತ್ತಿರಲಿಲ್ಲ. ಒಂದು ತಿಂಗಳ ಹಿಂದೆಯೇ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿದ್ದು ನಾನೇ. ಮರೆತೆ ಅಂದೆ. ಈ ವಯಸ್ಸಿನಲ್ಲಿ ಸಹಜ, ಮುಂದಿನ ವಾರ ಮಾತಾಡೋಣ ಅಂದ. ಫೋನು ಇಟ್ಟ ಮೇಲೆ ಬೇಜಾರಾಗಿದೆಯಾ ಅಂತ ನೋಡಿಕೊಂಡೆ. ಇಲ್ಲ.

ಜೂನ್ 18, ಶನಿವಾರ

ಊರಿಗೆ ಊರೇ ಬಂದಿತ್ತು, ಮೋಂಕ್ರೆಯವರೂ ಬಂದಿದ್ದರು. ಓಸ್ಮೋಂ ಸೊಂಟಕ್ಕೆ ಮೂರು ಬಣ್ಣದ ಪಟ್ಟಿ ಕಟ್ಟಿ ಬೂಟು ಬಿಟ್ಟು ಷೂ ಹಾಕಿದ್ದ. ಪರಿಷತ್ತಿನ ಸದಸ್ಯೆ, ನಗುಮುಖದ ಹೆಂಗಸು, ಕೋಟಿನ ಮೇಲೆ ಎರಡು ಬೆಕ್ಕಿನ ಪುಟ್ಟ ಬಿಲ್ಲೆ. ಅದನ್ನ ನೋಡಿ ಎರಡರವರು ಎದೆಯುಬ್ಬಿಸಿದರು. ಬಿಲ್ಲೆ ಚಿಕ್ಕದು, ಮೂರನೇದಕ್ಕೆ ಜಾಗ ಸಾಕಾಗಿಲ್ಲ ಅಂದರು ಮೂರರವರು.

ಬೆಕ್ಕು ಎಷ್ಟು ಅಂತ ನಾವಿಬ್ಬರು ಯಾರಿಗೂ ಹೇಳಿರಲಿಲ್ಲ. ಬಾವುಟ ಮಡಿಸಿಯೇ ಕೊಟ್ಟಿದ್ದೆ. ಹಗ್ಗ ಎಳೆಯೋಕೆ ಓಸ್ಮೋಂ ನನ್ನನ್ನೇ ಕರೆದ. ಎಡಗೈಯಲ್ಲಿ ಶುರುಮಾಡಿದೆ, ಅರ್ಧಕ್ಕೆ ಬಲಗೈ ತಾನೇ ಬಂದು ಸೇರಿಕೊಂಡಿತು. ಮೇಲೆ ಹೋಗಿ ಗಾಳಿಗೆ ಬಿಚ್ಚಿಕೊಂಡಿತು.

ಬಂದರಿನ ಕಡೆ ನಿಂತಿದ್ದವರು ಎರಡು ಅಂತ ಚಪ್ಪಾಳೆ ಹೊಡೆದರು. ಚರ್ಚಿನ ಕಡೆ ನಿಂತಿದ್ದವರು ಮೂರು ಅಂತ ಚಪ್ಪಾಳೆ ಹೊಡೆದರು. ಸ್ವಲ್ಪ ಹೊತ್ತು ಎಲ್ಲರಿಗೂ ಖುಷಿ. ಆಮೇಲೆ ಆ ಕಡೆಯವರು ಯಾಕೆ ಚಪ್ಪಾಳೆ ಹೊಡೀತಿದ್ದಾರೆ ಅಂತ ಈ ಕಡೆಯವರಿಗೆ ಅನುಮಾನ ಬಂತು. ಅಷ್ಟರಲ್ಲಿ ಗಾಳಿ ತಿರುಗಿ ಬಾವುಟ ಮಗ್ಗುಲು ಬದಲಿಸಿತು. ಎಲ್ಲರೂ ಬೆರಳು ಎತ್ತಿ ಮತ್ತೆ ಎಣಿಸಿದರು. ನನ್ನ ಕತೆ ಮುಗೀತು ಅಂದುಕೊಂಡೆ. ಸಿದೋನಿ ನನ್ನ ತೋಳು ಹಿಡಿದಿದ್ದಳು, ಯಾವಾಗ ಹಿಡಿದಳೋ ಗೊತ್ತಿಲ್ಲ.

ಮೊದಲು ನಕ್ಕಿದ್ದು ಮೋಂಕ್ರೆಯ ಒಬ್ಬ ಮುದುಕ. ಆಮೇಲೆ ಎಲ್ಲರೂ. ಓಸ್ಮೋಂ ಮುಖ ನೋಡಬೇಕಿತ್ತು, ದೇವರೇ ಬಂದು ಅವನ ಪರವಾಗಿ ಓಟು ಹಾಕಿದ ಹಾಗಿತ್ತು. ಎರಡೂ ಇರಬಹುದು, ಮೂರೂ ಇರಬಹುದು ಅಂತ ಅವನು ಹೇಳಿದ್ದು ಕಂಬದ ಮೇಲೆ ಹಾರ್ತಿದೆ. ನಾನು ಮೊದಲೇ ಹೇಳಿರಲಿಲ್ಲವಾ ಅಂತ ಸಿಕ್ಕಿದವರನ್ನೆಲ್ಲ ಕೇಳ್ತಿದ್ದ. ಸರಿಯಾದದ್ದು ಯಾವ ಮುಖ ಅಂತ ಯಾರೋ ಸದಸ್ಯೆಯನ್ನ ಕೇಳಿದರು. ಆಕೆ ಕತ್ತೆತ್ತಿ ನೋಡಿ, ಗಾಳಿ ಯಾವ ಕಡೆಯದೋ ಆ ಮುಖ ಅಂದಳು. ಅಪ್ಪಟ ನಮ್ಮವಳು.

ಸೇಬಿನ ಸೈಡರ್ ಕುಡಿದೆವು, ಸಿಂಪಿ ತಿಂದೆವು. ನೊಯೆಮಿ ಇನ್ನು ಮೇಲೆ ನಾನು ಬರಬೇಕಾಗಿಲ್ಲ ಅಂದಳು. ಯಾಕೆ, ಊರು ಬಿಡ್ತಿದ್ದೀಯಾ ಅಂದೆ. ಅವಳು ಸಿದೋನಿ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಂತೆ ಅಂದಳು ಸಿದೋನಿ. ಯಾವ ಬೆಕ್ಕಿನ ಮಾತೋ, ಆ ಗಲಾಟೆಯಲ್ಲಿ ಕೇಳೋಕಾಗಲಿಲ್ಲ.

ಜೂನ್ 23, ಗುರುವಾರ

ಮೋಂಕ್ರೆಯವರು ನಾಚಿಕೆ ಬಿಟ್ಟು ಬಂದರು. ಅವರಿಗೂ ಅಂಥದ್ದೇ ಬಾವುಟ ಬೇಕಂತೆ, ನಮ್ಮದಕ್ಕಿಂತ ಒಂದು ಮೊಳ ದೊಡ್ಡದು. ಮೀನುಗಾರ ವೊತಿಯೇ ತನ್ನ ಹರಿದ ಹಾಯಿಯನ್ನ ಯಾರನ್ನೂ ಕೇಳದೆ ಶೆಡ್ಡಿನ ಬಾಗಿಲಲ್ಲಿ ಇಟ್ಟು ಹೋಗಿದ್ದಾನೆ. ಬೆಳಿಗ್ಗೆಯಿಂದ ನಾನು ಹಾಯಿ ಮೇಲೆ, ಸಿದೋನಿ ನೆಲದ ಮೇಲೆ ಕೆಂಪು ಬಟ್ಟೆ ಹರಡಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

ಹನ್ನೊಂದಕ್ಕೆ ಲೆಕಾನ್ಯು ಫೋನು. ಸೋಮವಾರ ಸಹಿಗೆ ಬರ್ತೀರಾ ಅಂದ. ಇಲ್ಲ, ಮಾರಲ್ಲ ಅಂದೆ.

ನಮ್ಮ ಕಡೆ ಯಾರೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಲ್ಲ. ಅವನು ಇದನ್ನ ಚೌಕಾಸಿ ಅಂದುಕೊಂಡ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದ, ಪ್ಯಾರಿಸ್ಸಿನವನು ಬೆಲೆ ಏರಿಸಿದ್ದಾನೆ ಅಂದ. ಇಲ್ಲ ಅಂದೆ. ಮೂರನೇ ಸಲ ಮಾಡಿ ಇನ್ನೂ ಏರಿಸಿದ, ಬಾಗಿಲ ಮೇಲಿನ ತುತೇನ್ ಅನ್ನೋ ಹಲಗೆಯನ್ನೂ ಹಾಗೇ ಬಿಡ್ತಾನಂತೆ ಅಂದ. ಇನ್ನೊಂದ್ಸಲ ಇಲ್ಲ ಅಂದರೆ ಐಫೆಲ್ ಗೋಪುರ ಬರೆದುಕೊಡ್ತಾನೇನೋ.

"ತುತೇನ್, ಇಷ್ಟು ವರ್ಷದ ಪರಿಚಯ. ಅಸಲು ಕಾರಣ ಹೇಳಿ. ಮಾರ್ಚಿನಲ್ಲಿ ಕೈಯಿಲ್ಲ, ಶೆಡ್ಡು ಬೇಡ ಅಂದಿದ್ದು ನೀವೇ."

"ನಮಗೆ ಕೆಲಸ ಇದೆ ಸ್ವಾಮಿ. ಜಾಗ ಬೇಕು."

"ನಮಗೆ ಅಂದ್ರೆ?"

ಎಂಥ ಪ್ರಶ್ನೆ. ಕಾನೂನು ಓದಿದವನು.

"ನಮಗೆ ಅಂದ್ರೆ ನನಗೆ, ಸಿದೋನಿಗೆ. ಇನ್ಯಾರಿಗೆ?"

ಫೋನಿನಲ್ಲಿ ಅವನು ಕೆಮ್ಮಿದ. ಹಾಗಾದ್ರೆ ಇದು ನಿಶ್ಚಯವಾ ಅಂತ ಕೇಳಿದ. ಹೂಂ ಅಂದೆ. ಬರೀ ಹೂಂ. ಅವನು ಅಭಿನಂದನೆ ಅಂದು ಇಟ್ಟುಬಿಟ್ಟ. ಯಾವುದಕ್ಕೆ ಅಭಿನಂದನೆ ಅಂತ ತಿರುಗಿ ನೋಡಿದರೆ ಸಿದೋನಿ ಕತ್ತರಿ ಕೆಳಗಿಟ್ಟಿದ್ದಳು. ಬಾಯಿಂದ ಗುಂಡುಸೂಜಿಗಳನ್ನ ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ಅನ್ಸೆಲ್ಮ್, ಈಗ ಏನಂದೆ?"

"ಕೇಳಿಸ್ತಲ್ಲ."

"ಕೇಳಿಸ್ತು. ಆ ನಮಗೆ ಅನ್ನೋದನ್ನ ಇನ್ನೊಂದ್ಸಲ ಹೇಳು."

ಹೇಳಿದೆ.